ಎಡಗಣ್ಣಿನ ಕೆಂಪು

ಬಲಗಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ಮೇಸ್ತ್ರಿ, ಪಟ್ಟಿ ಬಿಚ್ಚಿದ ಮೇಲೆ ಮೊದಲು ಕೇಳಿದ ಪ್ರಶ್ನೆ ಗೋಡೆಯದು.

"ಮುಂದಿನ ಕೋಣೆಗೆ ಯಾವಾಗ ಬಿಳಿ ಬಣ್ಣ ಹೊಡೆಸಿದೆ?"

"ಅದು ಯಾವತ್ತೂ ಬಿಳೀನೇ ಇತ್ತು. ಬಣ್ಣ ಹೊಡೆಸಿದ್ದು ನಿಮ್ಮ ಕಣ್ಣಿಗೆ" ಎಂದಳು ಹೆಂಡತಿ.

ಮೇಸ್ತ್ರಿ ಅವಳ ಕಡೆ ತಿರುಗಿದರು. "ನಿನ್ನ ತಲೆ ಇಷ್ಟು ನೆರೆತದ್ದು ಯಾವಾಗ?"

"ನಿಮ್ಮನ್ನ ಮದುವೆಯಾದ ಮಾರನೇ ದಿನದಿಂದಲೇ ಶುರುವಾಯ್ತು. ಈಗ ಕಾಣಿಸ್ತಾ ಇದೆ, ಅಷ್ಟೇ."

ಅವತ್ತಿಡೀ ಮೇಸ್ತ್ರಿ ಹೊಸ ಮನೆಗೆ ಬಂದವರ ಹಾಗೆ ತಮ್ಮ ಮನೆಯಲ್ಲೇ ತಿರುಗಾಡಿದರು. ಗೋಡೆಗೆ ತೂಗುಹಾಕಿದ್ದ ಚಾಕುಗಳನ್ನು ಒಂದೊಂದಾಗಿ ಇಳಿಸಿ, ಬೆಳಕಿಗೆ ಹಿಡಿದು ನೋಡಿದರು. ಅವು ಬೀದಿಯಲ್ಲಿ ರಾಶಿ ಹಾಕಿ ಮಾರುವ ಚಾಕುಗಳಲ್ಲ. ಹಿಡಿಯುವವರ ಅಂಗೈ ಅಳೆದು, ಅವರು ಎಡಗೈಯವರೋ ಬಲಗೈಯವರೋ, ಏನು ಕೊಯ್ಯುತ್ತಾರೆ, ನಿಂತು ಕೊಯ್ಯುತ್ತಾರೋ ಕೂತೋ ಎಂದೆಲ್ಲ ಕೇಳಿ, ಒಬ್ಬೊಬ್ಬರಿಗೆ ಒಂದೊಂದರಂತೆ ಮಾಡಿದ್ದು. ಹೋಟೆಲುಗಳ ದೊಡ್ಡ ಅಡುಗೆಯವರು, ಚರ್ಮದ ಕೆಲಸದವರು, ಮರ ಹತ್ತಿ ಕೊಂಬೆ ಕಡಿಯುವವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಕಾರ್ಖಾನೆಯ ಕೊಡಲಿ ತಂದು "ಇದನ್ನು ನನ್ನ ಕೈಗೆ ತಕ್ಕ ಹಾಗೆ ಮಾಡಿಕೊಡಿ" ಎನ್ನುವವರೂ ಇದ್ದರು. ಅಂಥ ಕೊಡಲಿಯ ದಪ್ಪ ಕೆನ್ನೆ ಸವೆಸಿ, ಬಾಯಿ ತಿದ್ದಿ, ಮತ್ತೆ ಹದ ಹಾಕಿ, ಪಕ್ಕದ ಕೋಣೆಯ ಬಡಗಿಯಿಂದ ಹೊಸ ಮರದ ಹಿಡಿ ಹಾಕಿಸಿ ಕೊಡುತ್ತಿದ್ದರು. ಆ ಬಡಗಿಗೆ ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಯಾಕೆ ಎಂದು ಅವನ ಎದುರು ಸ್ವಲ್ಪ ಹೊತ್ತು ನಿಂತವರಿಗೆ ಹೇಳಬೇಕಾಗಿರಲಿಲ್ಲ.

ಕಣ್ಣು ಕೊಟ್ಟ ಡಾಕ್ಟರಮ್ಮನ ಮೇಲೆ ಮೇಸ್ತ್ರಿಗೆ ಎಲ್ಲಿಲ್ಲದ ಅಭಿಮಾನ ಹುಟ್ಟಿತು. ಮಗಳ ವಯಸ್ಸಿನವರು, ಮೆಲುಮಾತು. ತಪಾಸಣೆಗೆ ಹೋದಾಗ ಮಾತಿಗೆ ಮಾತು ಬಂದು, ತಮ್ಮ ಅಡುಗೆಮನೆಯ ಚಾಕು ಟೊಮೇಟೊ ಕೊಯ್ಯುವುದಿಲ್ಲ, ಜಜ್ಜುತ್ತದೆ ಎಂದು ಅವರು ನಕ್ಕಿದ್ದರು. ಮೇಸ್ತ್ರಿಗೆ ಮೈ ಉರಿದುಹೋಯಿತು. "ಕೂದಲೆಳೆಯಷ್ಟು ಅಲಗು ಹಿಡಿದು ನನ್ನ ಕಣ್ಣು ಬಿಡಿಸಿದ ಕೈ ಇದು! ಈ ಕೈಗೆ ಮೊಂಡು ಚಾಕುವೇ? ಎಡಗಣ್ಣಿನ ಆಪರೇಷನ್‌ಗೆ ಬರುವಾಗ ನಿಮಗೊಂದು ತರ್ತೀನಿ. ಬೇಡ ಅನ್ನಬಾರದು" ಎಂದು ಅಲ್ಲೇ ಅವರ ಅಂಗೈ ಅಳತೆ ತೆಗೆದುಕೊಂಡು ಬಂದರು. ಕಣ್ಣು ತೋರಿಸಲು ಕಾದಿದ್ದವರೆಲ್ಲ ಇದ್ಯಾವ ಪರೀಕ್ಷೆಯೋ ಎಂದು ನೋಡಿದರು.

ಯಡವಟ್ಟು ಶುರುವಾದದ್ದು ಆ ಚಾಕುವಿನಿಂದಲೇ.

ಚಾಕುವಿನ ಜೀವ ಇರುವುದು ಹದದಲ್ಲಿ. ಬಡಿದು ರೂಪಕ್ಕೆ ತಂದ ಅಲಗನ್ನು ಕುಲುಮೆಯಲ್ಲಿ ಕಾಯಿಸಿ, ಸರಿಯಾದ ಕೆಂಪು ಬಂದ ಕೂಡಲೇ ಎಣ್ಣೆಗೆ ಅದ್ದಬೇಕು. ಕಮ್ಮಿ ಕಾದರೆ ಅಲಗು ಮೆತ್ತಗೇ ಉಳಿಯುತ್ತದೆ, ಹೆಚ್ಚು ಕಾದರೆ ಗಾಜಿನ ಹಾಗೆ ಮುರಿಯುತ್ತದೆ. ಶಾಖ ಅಳೆಯುವ ಯಂತ್ರವೊಂದನ್ನು ಯಾರೋ ತಂದುಕೊಡುತ್ತೇನೆ ಎಂದಾಗ ಮೇಸ್ತ್ರಿ, "ಜ್ವರ ಬಂದವರಿಗೆ ಕೊಡಿ, ನನ್ನ ಕಣ್ಣು ಗಟ್ಟಿಯಾಗಿದೆ" ಎಂದು ಕಳಿಸಿದ್ದರು. ಹದ ಹಾಕುವಾಗ ಹಗಲಾದರೂ ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡುತ್ತಿದ್ದರು, ಕೆಂಪು ನಿಚ್ಚಳವಾಗಿ ಕಾಣಲಿ ಎಂದು. ಹೆಂಡತಿ ಕುಲುಮೆಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಬೆಂಕಿಗೆ ಗಾಳಿ ಊದುವ ತಿದಿಯ ಚಕ್ರ ತಿರುಗಿಸುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಹಿಡಿದ ಚಕ್ರ ಅದು.

ಡಾಕ್ಟರಮ್ಮನ ಚಾಕು ಕುಲುಮೆಗೆ ಹೋಯಿತು. ಹೊಸ ಕಣ್ಣಿಗೆ ಬೆಂಕಿ ಎಂಥ ಬೆಂಕಿಯಾಗಿ ಕಂಡಿತೆಂದರೆ, ಇಷ್ಟು ವರ್ಷ ತಾವು ನೋಡಿದ್ದು ಬೆಂಕಿಯ ಫೋಟೋ ಇರಬೇಕು ಎನ್ನಿಸಿತು ಮೇಸ್ತ್ರಿಗೆ. ಅಲಗು ಆಗಲೇ ಝಗಝಗ ಹೊಳೆಯುತ್ತಿತ್ತು. ಇಕ್ಕಳದಲ್ಲಿ ಹಿಡಿದು ಸರಕ್ಕನೆ ಎಳೆದರು.

"ಇನ್ನೂ ಆಗಿಲ್ಲ ರೀ" ಎಂದಳು ಹೆಂಡತಿ, ಚಕ್ರ ತಿರುಗಿಸುತ್ತಲೇ.

"ಹೊಸ ಕಣ್ಣು ನಂದಾ ನಿಂದಾ?" ಎಂದು ಮೇಸ್ತ್ರಿ ಅಲಗನ್ನು ಎಣ್ಣೆಗೆ ಅದ್ದಿದರು.

ಆರಿದ ಮೇಲೆ ಅಂಚಿಗೆ ಅರ ಹಾಕಿ ಉಜ್ಜಿದರು. ಹದ ಸರಿಯಾಗಿದ್ದರೆ ಅರ ಜಾರಬೇಕು. ಇದು ಸಲೀಸಾಗಿ ಕಚ್ಚಿಕೊಂಡು ಪುಡಿ ಉದುರಿಸಿತು. ಅಲಗು ತಗಡಿನಷ್ಟು ಮೆತ್ತಗಿತ್ತು. ಮೇಸ್ತ್ರಿಯ ಮುಖ ಸಪ್ಪಗಾಯಿತು. ಹೆಂಡತಿ ಕುಲುಮೆಯ ಬೂದಿ ಕೆದಕಿದಳು. ಅವಳು ಒಂದು ಮಾತು ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು, ಆ ಸುಖವೂ ಸಿಗಲಿಲ್ಲ.

ಎರಡನೇ ಸಲ ಹಠಕ್ಕೆ ಬಿದ್ದು ಕಾದರು. ತಿದಿ ನಿಧಾನವಾಯಿತು, ಉರಿ ಇಳಿಯಿತು. "ತಿರುಗಿಸು, ತಿರುಗಿಸು, ಯಾಕೆ ನಿಲ್ಲಿಸ್ತೀಯ?" ಎಂದು ಗದರಿಸಿ ಇನ್ನಷ್ಟು ಗಾಳಿ ಹಾಕಿಸಿದರು. ಈ ಸಲ ಅರವೇನೋ ಜಾರಿತು. ಆದರೆ ಅಲಗನ್ನು ಮರದ ತುಂಡಿಗೆ ಸುಮ್ಮನೆ ತಟ್ಟಿದ್ದಕ್ಕೆ ಅದು ಎರಡು ಹೋಳಾಯಿತು. ಮುರಿದ ಜಾಗದಲ್ಲಿ ಉಕ್ಕಿನ ಕಣಗಳು ಸಕ್ಕರೆ ಹರಳಿನಂತೆ ದಪ್ಪದಪ್ಪವಾಗಿ ಕಾಣುತ್ತಿದ್ದವು. ಅತಿಯಾಗಿ ಕಾದ ಉಕ್ಕಿನ ಗುರುತು ಅದು. ಕಸುಬು ಕಲಿಯುವವರು ಮಾಡುವ ತಪ್ಪು.

ಮೇಸ್ತ್ರಿ ಆ ಹೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಏನೋ ಹೊಳೆದು, ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಬೆಂಕಿ ನೋಡಿದರು. ಹಳೆಯ ಬೆಂಕಿ! ಅದೇ ಮಬ್ಬು, ಅದೇ ಹಳದಿ ಮಿಶ್ರಿತ ಕೆಂಪು. ಹಳೆಯ ಸ್ನೇಹಿತ ಎದುರಾದ ಹಾಗಾಯಿತು. ಬಲಗಣ್ಣಿನ ಮೇಲೆ ಕರಿಬಟ್ಟೆ ಕಟ್ಟಿಕೊಂಡರು. "ಬೆಂಕಿ ಹತ್ತಿರ ಹೊಸ ಕಣ್ಣಿಗೆ ಚುಚ್ಚುತ್ತೆ" ಎಂದು ಹೆಂಡತಿಗೆ ಹೇಳಿ, ಒಬ್ಬ ಅಡುಗೆಯವನ ಚಾಕುವನ್ನು ಕುಲುಮೆಗಿಟ್ಟರು. ತಿದಿ ತಿರುಗಿತು, ತಿದಿ ನಿಧಾನವಾಯಿತು, ಮೇಸ್ತ್ರಿ ಎಳೆದರು, ಅದ್ದಿದರು. ಅರ ಸರ್ರನೆ ಜಾರಿತು. ಮರದ ತುಂಡಿಗೆ ಹೊಡೆದರೆ ಅಲಗು ಗಂಟೆಯಂತೆ ಮಿಡಿಯಿತು.

ಮೇಸ್ತ್ರಿಗೆ ಹೋದ ಜೀವ ಬಂದ ಹಾಗಾಯಿತು. ಅದರ ಬೆನ್ನಿಗೇ ಆಸ್ಪತ್ರೆ ನೆನಪಾಯಿತು. ಇನ್ನು ಕೆಲವೇ ದಿನಗಳಲ್ಲಿ ಎಡಗಣ್ಣಿನ ಪೊರೆಯನ್ನೂ ತೆಗೆಯಲಿದ್ದರು. ಕಸುಬು ಕೂತಿರುವುದು ಆ ಪೊರೆಯ ಹಿಂದೆಯೇ, ಅದನ್ನು ತೆಗೆದರೆ ಕಸುಬೂ ಹೋದಂತೆ ಎಂದು ಅವರಿಗೆ ಖಾತ್ರಿಯಾಯಿತು. ಇದನ್ನು ಯಾರ ಹತ್ತಿರ ಹೇಳುವುದು? ಕಣ್ಣು ಸರಿಹೋದದ್ದೇ ತೊಂದರೆಯಾಯಿತು ಎಂದರೆ ನಗದವರು ಯಾರು?

ಆಸ್ಪತ್ರೆಯಿಂದ ಫೋನ್ ಬಂದಾಗ ಮೇಸ್ತ್ರಿ ಕೆಮ್ಮಿದರು. ಕೆಮ್ಮಿದ್ದರೆ ಕಣ್ಣಿನ ಆಪರೇಷನ್ ಮಾಡುವುದಿಲ್ಲ ಎಂದು ಹೋದ ಸಲವೇ ತಿಳಿದುಕೊಂಡಿದ್ದರು. ಫೋನಿಡುತ್ತಲೇ ಕೆಮ್ಮು ನಿಂತಿತು. ಮುಂದಿನ ಸಲ ಡಾಕ್ಟರಮ್ಮನೇ ಮಾತಾಡಿದರು. "ಕೆಮ್ಮು ವಾಸಿ ಮಾಡ್ಕೊಂಡು ಬೇಗ ಬನ್ನಿ ಮೇಸ್ತ್ರಿ. ಆ ಪೊರೆ ತುಂಬಾ ಬಲಿತಿದೆ. ಇನ್ನೂ ಬಿಟ್ರೆ ಕಲ್ಲಿನ ಥರ ಗಟ್ಟಿಯಾಗುತ್ತೆ, ತೆಗೆಯೋದು ಕಷ್ಟ. ಆ ಕಣ್ಣೇ ಹೋದ್ರೂ ಹೋಗಬಹುದು." ಮೇಸ್ತ್ರಿ ಅದಕ್ಕೂ ಕೆಮ್ಮಿದರು. ಒಳಗಿನಿಂದ ಹೆಂಡತಿ, "ಹೆದರಿಕೆ ಆದ್ರೆ ಹೆದರಿಕೆ ಅನ್ನಿ. ಈ ನಾಟಕ ಯಾಕೆ?" ಎಂದಳು. ಹೆದರಿಕೆ ನಿಜವೇ. ಅವಳು ಅಂದುಕೊಂಡಿದ್ದು ಕತ್ತರಿಯ ಹೆದರಿಕೆ, ಅವರದು ಬೇರೆಯೇ.

ಅಷ್ಟರಲ್ಲಿ ಹೆಂಡತಿಯ ತಂಗಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು. ಹೆಂಡತಿ ಬಟ್ಟೆಬರೆ ತುಂಬಿಕೊಂಡು ಅವಳ ಮನೆಗೆ ಹೊರಟಳು. "ನಾನು ಬರೋವರೆಗೂ ಹದದ ಕೆಲಸ ಇಟ್ಕೋಬೇಡಿ" ಎಂದು ಬಾಗಿಲಲ್ಲಿ ನಿಂತು ಹೇಳಿದ್ದಳು. ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರ ಕಡಿಯುವ ಹೆಂಗಸೊಬ್ಬಳ ಕೊಡಲಿ ಸವೆಸಿ ಸಿದ್ಧವಾಗಿತ್ತು. ಅವಳು ಕಾಯುತ್ತಿದ್ದಳು. ತಿದಿ ತಿರುಗಿಸುವುದು ಯಾವ ಮಹಾ ವಿದ್ಯೆ ಎಂದುಕೊಂಡು ರೇಡಿಯೊನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು.

ಕಿಟಕಿ ಮುಚ್ಚಿದರು. ಬಲಗಣ್ಣಿಗೆ ಕರಿಬಟ್ಟೆ ಕಟ್ಟಿದರು. ರೇಡಿಯೊ ತಿದಿಯನ್ನೂ ಬಾಯಿಯನ್ನೂ ಒಟ್ಟಿಗೇ ಶುರು ಮಾಡಿದ. ಕೊಡಲಿಯ ಬಾಯಿ ಕೆಂಪಾಯಿತು. ಮೇಸ್ತ್ರಿ ಇಕ್ಕಳ ಹಿಡಿದು ಕಾದರು. ಇನ್ನೂ ಕಾದರು. ಬಣ್ಣ ಬಂತೆಂದು ಒಮ್ಮೆ ಅನ್ನಿಸಿತು, ಆದರೂ ಕೈ ಏಳಲಿಲ್ಲ. ಏನೋ ಆಗಬೇಕಿತ್ತು, ಆಗುತ್ತಿಲ್ಲ ಎನ್ನಿಸುತ್ತಿತ್ತು. ಏನು ಎಂದು ಗೊತ್ತಾಗುವ ಮೊದಲೇ ಕೊಡಲಿಯ ಮೂಲೆಯಿಂದ ಚಟಚಟ ಎಂದು ಬಿಳಿ ಕಿಡಿಗಳು ಹಾರಿದವು. ಉಕ್ಕು ಉರಿಯುತ್ತಿತ್ತು.

"ನಿಲ್ಲಿಸೋ! ನಿಲ್ಲಿಸು!" ಎಂದು ಮೇಸ್ತ್ರಿ ಕೂಗಿ ಕೊಡಲಿ ಎಳೆದರು. ಮೂಲೆ ಸುಟ್ಟು ತೂತುತೂತಾಗಿತ್ತು. "ಯಾಕೋ ನಿಲ್ಲಿಸಲಿಲ್ಲ?"

"ನೀವು ಹೇಳಲೇ ಇಲ್ವಲ್ಲ!" ರೇಡಿಯೊ ಎದ್ದು ನಿಂತ. "ತಿರುಗಿಸು ಅಂದ್ರಿ, ತಿರುಗಿಸಿದೆ."

"ಅವಳಿಗೆ ನಾನು ಯಾವತ್ತು ಹೇಳಿದ್ದೀನಿ?"

"ಅಕ್ಕನ ಮಾತು ಬೇರೆ ಬಿಡಿ. ಅವರು ಬಗ್ಗಿ ಬಗ್ಗಿ ಬೆಂಕಿ ನೋಡ್ತಿರ್ತಾರೆ. ತಾವೇ ನಿಲ್ಲಿಸ್ತಾರೆ, ನೀವು ಎಳೀತೀರಿ. ಹಲಗೆ ಗೋಡೆಯ ಸಂದಿಯಿಂದ ನಾನು ದಿನಾ ನೋಡೋದು ಇದನ್ನೇ ತಾನೇ?"

ಜೀವಮಾನದಲ್ಲಿ ಮೊದಲ ಬಾರಿಗೆ ರೇಡಿಯೊ ಆಡಿದ ಮಾತು ಪೂರ್ತಿ ಕಿವಿಗೆ ಬಿದ್ದಿತ್ತು. ಮೇಸ್ತ್ರಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು. ಬೆಂಕಿ ಅದೇ, ಉಕ್ಕು ಅದೇ, ಎಡಗಣ್ಣೂ ಅದೇ. ಇಲ್ಲದಿದ್ದವಳು ಅವಳೊಬ್ಬಳೇ. ತಾವು ಕಾಯುತ್ತಿದ್ದದ್ದು ಬಣ್ಣಕ್ಕಲ್ಲ. ಗುಂಯ್ ಎನ್ನುವ ತಿದಿಯ ಸದ್ದು ಇಳಿಯುವುದಕ್ಕೆ. ಹೊಸ ಕಣ್ಣಿನ ಜಂಬದಲ್ಲಿ ಒಮ್ಮೆ ಆ ಸದ್ದು ಇಳಿಯುವ ಮೊದಲೇ ಎಳೆದಿದ್ದರು, ಇನ್ನೊಮ್ಮೆ ಇಳಿದ ಮೇಲೂ ಕಾಯಿಸಿದ್ದರು. ಕರಿಬಟ್ಟೆ ಕಟ್ಟಿಕೊಂಡ ದಿನ ಕಣ್ಣು ಮಂಕಾಗಿ, ಮತ್ತೆ ಅವಳ ಕೈಯನ್ನೇ ನೆಚ್ಚಿದ್ದರು. ಅಷ್ಟೇ ಆದದ್ದು.

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಬೇಕು. ತಮ್ಮ ಕುಲುಮೆಯಲ್ಲಿ ತಮಗೇ ಗೊತ್ತಿಲ್ಲದ ಇನ್ನೊಬ್ಬ ಮೇಸ್ತ್ರಿ! ಆಮೇಲೆ ನಾಚಿಕೆ ಬಂತು. ಬರುವ ಗಿರಾಕಿಗಳೆಲ್ಲ "ನಿಮ್ಮ ಕಣ್ಣಿಗೆ ಬೆಲೆ ಕಟ್ಟೋಕಾಗಲ್ಲ" ಎಂದಾಗ ಮೀಸೆ ತಿರುವಿದ್ದು ನೆನಪಾಯಿತು. ಆ ಹೊತ್ತಿನಲ್ಲಿ ಅವಳು ಒಳಗೆ ಗಿರಾಕಿಗಳಿಗೆ ಕಾಫಿ ಮಾಡುತ್ತಿರುತ್ತಿದ್ದಳು.

ಸುಟ್ಟ ಮೂಲೆಯನ್ನು ಸಾಣೆಯಲ್ಲಿ ತೆಗೆದು ಕೊಡಲಿಯನ್ನು ಉಳಿಸಿಕೊಳ್ಳಬಹುದಿತ್ತು. ಮರ ಕಡಿಯುವ ಹೆಂಗಸಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅವಳು ಕೈಯಲ್ಲಿ ತೂಗಿ ನೋಡಿ, "ಹಗುರಾಗಲಿ ಬಿಡಿ, ಮರದ ಮೇಲೆ ನನಗೆ ಹಗುರಾದ್ರೇನೇ ಒಳ್ಳೇದು. ಅಕ್ಕ ಬಂದ ಮೇಲೇ ಹದ ಹಾಕಿ" ಎಂದಳು. ಇವಳಿಗೂ ಗೊತ್ತಿತ್ತೇ ಎಂದು ಮೇಸ್ತ್ರಿ ಕೇಳಲು ಹೋಗಲಿಲ್ಲ. ರೇಡಿಯೊಗೆ ಗೊತ್ತಾದದ್ದು ಬೀದಿಗೆಲ್ಲ ಗೊತ್ತಾದ ಹಾಗೆಯೇ.

ಹೆಂಡತಿ ವಾಪಸು ಬಂದಾಗ ಮೇಸ್ತ್ರಿ ತಾವೇ ಕಾಫಿ ಮಾಡಿ ಲೋಟ ಮುಂದಿಟ್ಟರು. ಅವಳು ಲೋಟವನ್ನೂ ಅವರನ್ನೂ ಅನುಮಾನದಿಂದ ನೋಡಿದಳು.

"ಏನು ಒಡೆದು ಹಾಕಿದ್ರಿ?"

"ಕುಡಿ ಮೊದಲು." ಮೇಸ್ತ್ರಿ ಎದುರಿಗೆ ಕೂತರು. "ತಿದಿ ಯಾವಾಗ ನಿಲ್ಲಿಸ್ತೀಯ ನೀನು?"

"ಯಾವಾಗ ಅಂದ್ರೆ? ಕೆಂಪು ಬಂದಾಗ."

"ನಾನು ಹೇಳಿದಾಗ ಅಲ್ವಾ?"

ಅವಳು ನಕ್ಕಳು. "ನೀವು ಹೇಳೋದು ಬಿಟ್ಟು ಯಾವ ಕಾಲ ಆಯ್ತು! ಮೊದಮೊದಲು ಸಾಕು ಅಂತಿದ್ರಿ. ಆಮೇಲೆ ಬರೀ ತಲೆ ಆಡಿಸ್ತಿದ್ರಿ. ಆಮೇಲೆ ಅದೂ ಹೋಯ್ತು. ಒಂದ್ಸಲ ಅಲಗು ಮುರೀತು ಅಂತ ಉಕ್ಕಿನ ಅಂಗಡಿಯವನ ಹತ್ರ ಜಗಳಕ್ಕೆ ಹೋಗಿದ್ರಲ್ಲ, ನೆನಪಿದ್ಯಾ? ಉಕ್ಕು ಚೆನ್ನಾಗೇ ಇತ್ತು. ಜಾಸ್ತಿ ಕಾದಿತ್ತು. ನಿಮಗೆ ಕಣ್ಣು ಮಂಜಾಗ್ತಿದೆ ಅಂತ ಅವತ್ತೇ ಗೊತ್ತಾಯ್ತು. ಅವತ್ತಿಂದ ನಿಮಗೋಸ್ಕರ ಕಾಯೋದು ಬಿಟ್ಟೆ."

"ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ಯೋಚನೆಗೆ ಬೀಳ್ತಿದ್ರಿ. ಯೋಚನೆ ಮಾಡೋ ಕೈ ತಡ ಮಾಡುತ್ತೆ, ಅಷ್ಟರಲ್ಲಿ ಅಲಗು ಕೆಡುತ್ತೆ. ತಿದಿ ನನ್ನ ಕೈಲಿತ್ತು, ನಿಲ್ಲಿಸಿದೆ. ಇದೇನು ಊರಿಗೆಲ್ಲ ಸಾರೋ ವಿಷಯಾನಾ?"

ಮೇಸ್ತ್ರಿ ಕೂತಲ್ಲೇ ಅವಳ ಹತ್ತಿರ ಸರಿದರು. ಎಡಗಣ್ಣಿನ ಕಥೆಯನ್ನು ಒಂದೂ ಬಿಡದೆ ಹೇಳಿದರು. ಕೆಮ್ಮು ಯಾಕೆ ಬಂತು, ಕರಿಬಟ್ಟೆ ಯಾಕೆ ಬಂತು, ಎಲ್ಲವನ್ನೂ. ಹೇಳುತ್ತಿದ್ದ ಹಾಗೆ ಹೆಂಡತಿಯ ನಗು ಇಂಗಿಹೋಯಿತು.

"ಕಣ್ಣೇ ಹೋಗಬಹುದು ಅಂತ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ರಲ್ಲ. ಅದು ಗೊತ್ತಿದ್ದೂ ಸುಮ್ಮನಿದ್ರಾ?"

"ಕಸುಬು ಹೋದ ಮೇಲೆ ಕಣ್ಣಿಟ್ಕೊಂಡು ಏನು ಮಾಡಲಿ ಅಂದ್ಕೊಂಡೆ."

"ನನ್ನನ್ನ ನೋಡ್ತಾ ಕೂರಬೇಕಿತ್ತು!" ಎಂದು ಅವಳು ಕಿರುಚಿದಳು. ಹಾಗೆ ಕಿರುಚಿದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಂಪು ತಿಳಿಯದಿದ್ರೆ ನನ್ನನ್ನ ಕೇಳೋಕೆ ಏನು ರೋಗ ನಿಮಗೆ? ಇಷ್ಟು ದಿನ ಬಾಯಿಬಿಡದೆ ಹೇಳ್ತಿದ್ದೆ, ಇನ್ಮೇಲೆ ಬಾಯಿಬಿಟ್ಟು ಹೇಳ್ತೀನಿ."

ಮೇಸ್ತ್ರಿ ಅವಳ ಕೈ ಹಿಡಿದುಕೊಂಡರು. ಹೊಸ ಕಣ್ಣಿಗೆ ಆ ಕೈ ಸರಿಯಾಗಿ ಕಂಡಿತು. ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಬಿಳಿ ಕಲೆಗಳು, ಬೆಂಕಿಯ ಹತ್ತಿರಕ್ಕೆ ಬಗ್ಗಿ ಕೂತವರಿಗೆ ಆಗುವಂಥವು. ತಮ್ಮ ಕೈಯಲ್ಲೂ ಅಷ್ಟೊಂದಿರಲಿಲ್ಲ. ಇಂಥವಳು ಸಿಕ್ಕಿದ್ದಕ್ಕೆ ತಾನು ಏನು ಪುಣ್ಯ ಮಾಡಿದ್ದೆನೋ ಎಂದು ಮನಸ್ಸು ತುಂಬಿ ಬಂತು. ಅದನ್ನು ಹೇಳಲು ಹೋದರು.

"ನೀನು ಇಲ್ಲದಿದ್ರೆ..."

"ಸಾಕು, ಕಾಫಿಗೆ ಸಕ್ಕರೆ ಹಾಕಿಲ್ಲ ನೀವು" ಎಂದಳು ಹೆಂಡತಿ. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಮಾರನೇ ದಿನ ಡಾಕ್ಟರಮ್ಮನ ಚಾಕುವಿಗೆ ಹೊಸ ಉಕ್ಕು ತೆಗೆದು ಬಡಿದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೇಸ್ತ್ರಿ ಕರಿಬಟ್ಟೆ ಕಟ್ಟಲಿಲ್ಲ. ಎರಡೂ ಕಣ್ಣು ತೆರೆದು ನಿಂತರು. ಅಲಗು ಥಳಥಳಿಸಿತು. ಹೊಸ ಕಣ್ಣು ಈಗಲೇ ಎಂದಿತು, ಹಳೆಯ ಕಣ್ಣು ಇನ್ನೂ ಇಲ್ಲ ಎಂದಿತು. ಮೇಸ್ತ್ರಿ ಎರಡರ ಮಾತನ್ನೂ ಕೇಳದೆ ಹೆಂಡತಿಯ ಮುಖ ನೋಡಿದರು. ಅವಳು ಬಗ್ಗಿ, ಹುಬ್ಬು ಗಂಟಿಕ್ಕಿ, ಮಗುವಿನ ನಿದ್ದೆ ನೋಡುವವಳ ಹಾಗೆ ಬೆಂಕಿ ನೋಡುತ್ತಿದ್ದಳು.

"ಈಗ" ಎಂದಳು. ತಿದಿ ನಿಧಾನವಾಯಿತು.

ಎಳೆಯುವ ಮೊದಲು ಮೇಸ್ತ್ರಿ ಬಲಗಣ್ಣಿನಿಂದ ಅಲಗನ್ನೊಮ್ಮೆ ನೋಡಿಕೊಂಡರು. ಅವರು ಸರಿಯೆಂದು ನಂಬಿದ್ದ ಕೆಂಪಿಗಿಂತ ಅದು ತಿಳಿಯಾಗಿತ್ತು. ಓಹೋ, ಇದಾ ಬಣ್ಣ, ಎಂದು ಹೊಸದಾಗಿ ಪಾಠ ಕಲಿಯುವವರಂತೆ ಮನಸ್ಸಿನಲ್ಲಿ ಇಟ್ಟುಕೊಂಡು ಎಣ್ಣೆಗೆ ಅದ್ದಿದರು. ಅರ ಜಾರಿತು. ಆ ವಾರವೇ ಕೊಡಲಿಗೂ ಹಾಗೆಯೇ ಹದ ಬಿತ್ತು. ಚಾಕುವಿನ ಹಿಡಿಯನ್ನು ರೇಡಿಯೊ ಡಾಕ್ಟರಮ್ಮನ ಅಂಗೈ ಅಳತೆಗೆ ಕೂರಿಸಿದ. ತಾನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಅವನು ಹೇಳಿಕೊಳ್ಳುವುದನ್ನು ಗಂಡಹೆಂಡತಿ ಇಬ್ಬರೂ ಕೂತು ಕೊನೆಯವರೆಗೂ ಕೇಳಿದರು. ಕೇಳಬೇಕಾದದ್ದೇ, ಅವನ ಋಣವೂ ಇತ್ತಲ್ಲ.

ಆಪರೇಷನ್ ದಿನ ಮೇಸ್ತ್ರಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು. ಡಾಕ್ಟರಮ್ಮ ಬಿಚ್ಚಿ, ಹಿಡಿಯನ್ನು ಹಿಡಿದು ನೋಡಿದರು. "ಇದು ನನ್ನ ಕೈಯಲ್ಲೇ ಬೆಳೆದ ಹಾಗಿದೆ ಮೇಸ್ತ್ರಿ. ಎಂಥ ಕೆಲಸ ನಿಮ್ಮದು!"

"ನಮ್ಮದು" ಎಂದರು ಮೇಸ್ತ್ರಿ. "ಬಡಿದದ್ದು ನಾನು. ಹದ ನನ್ನ ಹೆಂಡತಿಯದು." ಪಕ್ಕದಲ್ಲಿ ನಿಂತಿದ್ದ ಹೆಂಡತಿ, ಇವರಿಗೆ ಇದೆಲ್ಲ ಯಾಕೆ ಬೇಕಿತ್ತು ಎನ್ನುವಂತೆ ಗಂಡನ ತೋಳು ಚಿವುಟಿದಳು. ಅವಳ ಮುಖ ಮಾತ್ರ ಅರಳಿತ್ತು.

ಒಳಗೆ ಮಲಗಿಸಿ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ, ಎಡಗಣ್ಣನ್ನಷ್ಟೇ ಹೊರಗೆ ಬಿಟ್ಟರು. ಆ ಕಣ್ಣಿಗೆ ಮೇಲಿನ ದೀಪ ಮಬ್ಬಾಗಿ, ಹಳದಿಯಾಗಿ, ಕೊನೆಯ ಸಲ ಹಾಗೆ ಕಾಣುತ್ತಿತ್ತು.

"ಹೋದ ಸಲ ಮಂಚದ ಕಂಬಿ ಬಿಗಿಯಾಗಿ ಹಿಡ್ಕೊಂಡಿದ್ರಿ ನೀವು" ಎಂದರು ಡಾಕ್ಟರಮ್ಮ. "ಇವತ್ತು ಹೆದರಿಕೆ ಇಲ್ವಾ ಮೇಸ್ತ್ರಿ?"

"ಇಲ್ಲಮ್ಮ, ಧೈರ್ಯವಾಗಿ ಮಾಡಿ. ನನ್ನದು ಇನ್ನೊಂದು ಜೊತೆ ಕಣ್ಣು ಹೊರಗೆ ಬೆಂಚಿನ ಮೇಲೆ ಕೂತಿದೆ."